ಹೊಸ ವಿಂಡೋಸ್ ಹಾಕಿದ ಮೇಲೆ ಹಳೇ ಫೈಲು ತೆರೆಯುತ್ತಿಲ್ಲವೇ? ಯಾವ ಬೀಗ ಅಂತ ಮೊದಲು ನೋಡಿ

ಅರಸೀಕೆರೆಯಿಂದ ಚಿಕ್ಕಪ್ಪನ ಫೋನು ಬಂದಾಗ ರಾತ್ರಿ ಒಂಬತ್ತೂವರೆ. "ಡಿ ಡ್ರೈವ್ ಕಾಣ್ತದೆ ಕಣಪ್ಪ, ಫೋಲ್ಡರ್ ಹೆಸರೂ ಕಾಣ್ತವೆ. ಒಳಕ್ಕೆ ಮಾತ್ರ ಬಿಡ್ತಾ ಇಲ್ಲ" ಅಂದರು. 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ, ಇನ್ನು ಇದನ್ನು ಇಟ್ಟುಕೊಳ್ಳುವುದು ಬೇಡ ಅಂತ ಅವರು ಕಂಪ್ಯೂಟರನ್ನು ಊರಿನ ಒಂದು ಅಂಗಡಿಗೆ ಕೊಟ್ಟು ವಿಂಡೋಸ್ 10 ಹಾಕಿಸಿಕೊಂಡು ಬಂದಿದ್ದರು. ಸಿ ಡ್ರೈವ್ ಫಾರ್ಮ್ಯಾಟ್ ಆಗಿತ್ತು. ಡಿ ಡ್ರೈವನ್ನು ಯಾರೂ ಮುಟ್ಟಿರಲಿಲ್ಲ.

ಆ ಡ್ರೈವಿನಲ್ಲಿ ಎರಡು ಫೋಲ್ಡರುಗಳು ಮುಖ್ಯವಾಗಿದ್ದವು. ಒಂದರಲ್ಲಿ ಜಮೀನಿನ ಕಾಗದಗಳ ಸ್ಕ್ಯಾನು ಮತ್ತು ಮನೆಯ ಫೋಟೋಗಳು. ಇನ್ನೊಂದರಲ್ಲಿ ಅಜ್ಜಿ ಹಾಡಿದ ಸೋಬಾನೆ ಪದ, ರಾಗಿ ಬೀಸೋ ಪದಗಳ ರೆಕಾರ್ಡಿಂಗು. ಅಜ್ಜಿ ಈಗಿಲ್ಲ. ಆ ದನಿ ಬೇರೆಲ್ಲೂ ಇರಲಿಲ್ಲ.

ಎರಡೂ ಫೋಲ್ಡರುಗಳು ಹೇಳುತ್ತಿದ್ದದ್ದು ಒಂದೇ ಮಾತು: ‘ಆಕ್ಸೆಸ್ ಡಿನೈಡ್’. ಆದರೆ ಬಿದ್ದಿದ್ದ ಬೀಗ ಬೇರೆ ಬೇರೆ. ಒಂದು ಹತ್ತು ನಿಮಿಷದಲ್ಲಿ ತೆರೆಯಿತು. ಇನ್ನೊಂದಕ್ಕೆ ಮೂರು ದಿನ ಹಿಡಿಯಿತು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಇನ್ನೊಮ್ಮೆ ವಿಂಡೋಸ್ ಹಾಕಿಸಿ, ಉಳಿದಿದ್ದ ಕೀಲಿಯನ್ನೂ ಕಳೆದುಕೊಳ್ಳುತ್ತಾರೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಏನೂ ಮಾಡಬೇಡಿ

ಫಾರ್ಮ್ಯಾಟ್ ಬೇಡ. ಮತ್ತೊಮ್ಮೆ ವಿಂಡೋಸ್ ಹಾಕುವುದು ಬೇಡ. ‘ಡಿಸ್ಕ್ ಕ್ಲೀನಪ್’ ಓಡಿಸಬೇಡಿ. ರಿಕವರಿ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿ ಅದೇ ಡಿಸ್ಕಿಗೆ ಹಾಕಬೇಡಿ. ಕೆಲವು ಬೀಗಗಳ ಕೀಲಿ ಹಳೇ ಸಿ ಡ್ರೈವಿನಲ್ಲೇ ಇರುತ್ತದೆ. ನೀವು ಹೊಸದಾಗಿ ಬರೆಯುವ ಒಂದೊಂದು ಫೈಲೂ ಅದರ ಮೇಲೆ ಮಣ್ಣು ಮುಚ್ಚಿದ ಹಾಗೆ.

ಸಿ ಡ್ರೈವಿನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಅನ್ನೋ ಫೋಲ್ಡರ್ ಇದೆಯಾ ಅಂತ ಈಗಲೇ ನೋಡಿ. ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೇ ಹೊಸ ವಿಂಡೋಸ್ ಹಾಕಿದ್ದರೆ ಹಳೇ ಸಿ ಡ್ರೈವಿನ ಸಾಮಾನೆಲ್ಲ ಅದರೊಳಗಿರುತ್ತದೆ. ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲವೂ ಅದರ ಒಳಗೆ ‘ಯೂಸರ್ಸ್’ ಫೋಲ್ಡರಿನಲ್ಲಿ ಹಳೇ ಹೆಸರಲ್ಲಿ ಸಿಗುತ್ತವೆ. ಆದರೆ ವಿಂಡೋಸ್ 10 ಮತ್ತು 11 ಸಾಮಾನ್ಯವಾಗಿ 10 ದಿನ ಆದ ಮೇಲೆ ಈ ಫೋಲ್ಡರನ್ನು ತಾನಾಗಿಯೇ ಅಳಿಸಿಬಿಡುತ್ತದೆ. ಇದ್ದರೆ ಇವತ್ತೇ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಕಾಪಿ ಆಗದೆ ‘ಡಿನೈಡ್’ ಅಂದರೆ ಮುಂದೆ ಹೇಳುವ ಹಾಗೆ ಫೋಲ್ಡರಿನ ಮಾಲೀಕರನ್ನು ಬದಲಾಯಿಸಿಕೊಂಡು ಮತ್ತೆ ಕಾಪಿ ಮಾಡಿ.

ಯಾವ ಬೀಗ ಅಂತ ಗುರುತಿಸುವುದು

‘ದಿಸ್ ಪಿಸಿ’ ತೆರೆದು ಡ್ರೈವಿನ ಚಿತ್ರ ನೋಡಿ. ಅದರ ಮೇಲೆ ಬೀಗದ ಗುರುತು ಇದ್ದು, ಕ್ಲಿಕ್ ಮಾಡಿದ ಕೂಡಲೇ ಪಾಸ್‌ವರ್ಡ್ ಅಥವಾ ‘ರಿಕವರಿ ಕೀ’ ಕೇಳಿದರೆ ಅದು ಬಿಟ್‌ಲಾಕರ್. ವಿಂಡೋಸ್ ಇಡೀ ಡ್ರೈವಿಗೇ ಹಾಕುವ ಬೀಗ ಅದು, ಹಾಗಾಗಿ ಫೋಲ್ಡರುಗಳ ಹೆಸರು ಕೂಡ ಕಾಣುವುದಿಲ್ಲ.

ಡ್ರೈವ್ ತೆರೆಯುತ್ತದೆ, ಆದರೆ ಒಂದು ಫೋಲ್ಡರ್ ಕ್ಲಿಕ್ ಮಾಡಿದರೆ ‘ನಿಮಗೆ ಪರ್ಮಿಷನ್ ಇಲ್ಲ, ಕಂಟಿನ್ಯೂ ಒತ್ತಿ’ ಅನ್ನೋ ಅರ್ಥದ ಇಂಗ್ಲಿಷ್ ಪೆಟ್ಟಿಗೆ ಬರುತ್ತದೆ. ಇದು ಮಾಲೀಕತ್ವದ ತೊಡಕು. ಹತ್ತರಲ್ಲಿ ಎಂಟು ಸಲ ನಾನು ಕಂಡಿರುವುದು ಇದನ್ನೇ, ಅತಿ ಸುಲಭದ್ದೂ ಇದೇ.

ಫೋಲ್ಡರ್ ತೆರೆಯುತ್ತದೆ, ಫೈಲಿನ ಹೆಸರು, ತಾರೀಖು, ಸೈಜು ಎಲ್ಲ ಸರಿಯಾಗಿ ಕಾಣುತ್ತವೆ, ಫೈಲಿಗೆ ನೀವೇ ಮಾಲೀಕರು ಅಂತಲೂ ತೋರಿಸುತ್ತದೆ. ಆದರೂ ತೆರೆಯಲು ಹೋದರೆ ‘ಡಿನೈಡ್’. ಫೈಲಿನ ಚಿತ್ರದ ಮೂಲೆಯಲ್ಲಿ ಪುಟ್ಟ ಬೀಗ ಇರುತ್ತದೆ, ಹಳೇ ವಿಂಡೋಸ್‌ನಲ್ಲಾದರೆ ಹೆಸರು ಹಸಿರು ಬಣ್ಣದಲ್ಲಿರುತ್ತಿತ್ತು. ಇದು ಇಎಫ್‌ಎಸ್, ಅಂದರೆ ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್. ಒಂದೊಂದೇ ಫೈಲಿಗೆ ಬೀಳುವ ಬೀಗ ಇದು, ಎಲ್ಲಕ್ಕಿಂತ ಗಟ್ಟಿಯದೂ ಇದೇ.

ಫೈಲು ತೆರೆದು, ವರ್ಡ್ ಅಥವಾ ಪಿಡಿಎಫ್ ರೀಡರ್ ಬಂದ ಮೇಲೆ ಪಾಸ್‌ವರ್ಡ್ ಕೇಳಿದರೆ ಅದಕ್ಕೂ ವಿಂಡೋಸ್ ಬದಲಾಗಿದ್ದಕ್ಕೂ ಸಂಬಂಧವೇ ಇಲ್ಲ. ಯಾವತ್ತೋ ಯಾರೋ ಹಾಕಿದ ಪಾಸ್‌ವರ್ಡ್ ಅದು, ನೆನಪಿಸಿಕೊಳ್ಳಬೇಕಷ್ಟೇ.

ಇನ್ನೂ ಅನುಮಾನ ಇದ್ದರೆ ನಾನು ಮಾಡುವ ಒಂದು ಪರೀಕ್ಷೆ ಇದೆ. ಉಬುಂಟು (ವಿಂಡೋಸ್ ಬದಲು ಬಳಸುವ, ಲಿನಕ್ಸ್ ಅನ್ನೋ ಬಗೆಯ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ, ‘ಟ್ರೈ ಉಬುಂಟು’ ಆರಿಸಿ. ‘ಇನ್‌ಸ್ಟಾಲ್’ ಒತ್ತಬೇಡಿ. ಹಾಗೆ ನೋಡುವಾಗ ಲಿನಕ್ಸ್ ವಿಂಡೋಸ್‌ನ ಪರ್ಮಿಷನ್ ಪಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಫೋಟೋ ಅಲ್ಲಿ ಸಲೀಸಾಗಿ ತೆರೆದರೆ ನಿಮ್ಮದು ಬರೀ ಮಾಲೀಕತ್ವದ ತೊಡಕು. ಅಲ್ಲೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಕೊಂಡರೂ ಆಯಿತು. ಅಲ್ಲಿಯೂ ತೆರೆಯದಿದ್ದರೆ ಕೀಲಿಯಿಲ್ಲದೆ ಓದಲಾಗದ ಹಾಗೆ ಎನ್‌ಕ್ರಿಪ್ಟ್ ಆಗಿದೆ ಅಂತ ತಿಳಿಯಿರಿ. ಎರಡು ಎಚ್ಚರಿಕೆ ಇವೆ. ವಿಂಡೋಸನ್ನು ಶಿಫ್ಟ್ ಕೀ ಒತ್ತಿಕೊಂಡೇ ಶಟ್‌ಡೌನ್ ಮಾಡಿ, ಇಲ್ಲದಿದ್ದರೆ ಅದು ಅರ್ಧ ನಿದ್ದೆಯಲ್ಲಿದ್ದು ಲಿನಕ್ಸ್ ಆ ಡ್ರೈವನ್ನು ಸರಿಯಾಗಿ ತೆರೆಯುವುದಿಲ್ಲ. ಇನ್ನು ಸಿ ಡ್ರೈವಿಗೆ ಬಿಟ್‌ಲಾಕರ್ ಇದ್ದರೆ, ಅದರ ಕೀ ಕೈಯಲ್ಲಿಲ್ಲದೆ ಬಯಾಸ್ (ಕಂಪ್ಯೂಟರ್ ಶುರುವಾಗುವ ರೀತಿಯನ್ನು ನಿರ್ಧರಿಸುವ) ಸೆಟ್ಟಿಂಗ್ ಮುಟ್ಟಲು ಹೋಗಬೇಡಿ. ಮರಳಿ ವಿಂಡೋಸ್ ಶುರು ಮಾಡುವಾಗ ಅದು ಆ ಕೀ ಕೇಳಿ ಕೂತುಬಿಡಬಹುದು.

ಮಾಲೀಕತ್ವದ ತೊಡಕು

ಚಿಕ್ಕಪ್ಪನ ಕಾಗದಪತ್ರದ ಫೋಲ್ಡರಿಗೆ ಆಗಿದ್ದು ಇದು. ಹೊಸ ವಿಂಡೋಸ್‌ನಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರು. "ನಾನೇ ಅಲ್ವಾ, ಮತ್ತೆ ಯಾಕೆ ಬಿಡಲ್ಲ?" ಅಂತ ಅವರ ಪ್ರಶ್ನೆ.

ವಿಂಡೋಸ್ ನಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ. ಒಂದೊಂದು ಅಕೌಂಟ್ ಮಾಡಿದಾಗಲೂ ಅದಕ್ಕೊಂದು ಉದ್ದದ ನಂಬರು ಕೊಡುತ್ತದೆ. ಅದು ಎಸ್-1-5-21 ಅಂತ ಶುರುವಾಗುತ್ತದೆ, ಎಸ್‌ಐಡಿ ಅಂತ ಕರೆಯುತ್ತಾರೆ. ಫೈಲಿನ ಮೇಲೆ ಬರೆದಿರುವುದು ಆ ನಂಬರು. ಹೊಸ ವಿಂಡೋಸ್‌ನಲ್ಲಿ ಅದೇ ಹೆಸರಿಟ್ಟರೂ ನಂಬರು ಹೊಸದು. ಫೋಲ್ಡರಿನ ‘ಪ್ರಾಪರ್ಟೀಸ್’ನಲ್ಲಿ ‘ಸೆಕ್ಯುರಿಟಿ’ ಪುಟವನ್ನು ಅವರ ಮನೆಗೆ ಹೋದಾಗ ತೆರೆದು ತೋರಿಸಿದೆ. ‘ಅಕೌಂಟ್ ಅನ್‌ನೋನ್’, ಪಕ್ಕದಲ್ಲೇ ಆ ಉದ್ದನೆಯ ನಂಬರು. ಮಾಲೀಕರು ಯಾರು ಅನ್ನೋ ಕಡೆ ‘ಅನೇಬಲ್ ಟು ಡಿಸ್‌ಪ್ಲೇ ಕರೆಂಟ್ ಓನರ್’.

ಚಿಕ್ಕಪ್ಪ ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಕನ್ನಡಕ ಸರಿ ಮಾಡಿಕೊಂಡು ನೋಡಿ, "ಓ, ಪಹಣೀಲಿ ಸತ್ತೋರ ಹೆಸರೇ ಕೂತದೆ. ಪೌತಿ ಖಾತೆ ಆಗಬೇಕು ಅನ್ನು" ಅಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಜಮೀನು ಅಲ್ಲೇ ಇದೆ, ಬೆಳೆಯೂ ಇದೆ. ಮಾಡಬೇಕಾದ್ದು ಖಾತೆ ಬದಲಾವಣೆ.

ಕೆಲವು ಫೋಲ್ಡರ್ ತೆರೆದು ಕೆಲವು ಮಾತ್ರ ತೆರೆಯದಿರುವುದಕ್ಕೂ ಕಾರಣ ಇಲ್ಲೇ ಇದೆ. ‘ಯೂಸರ್ಸ್’, ‘ಅಡ್ಮಿನಿಸ್ಟ್ರೇಟರ್ಸ್’ ಥರದ ಗುಂಪುಗಳ ನಂಬರು ಎಲ್ಲ ವಿಂಡೋಸ್‌ನಲ್ಲೂ ಒಂದೇ. ಡಿ ಡ್ರೈವಿನಲ್ಲಿ ನೇರವಾಗಿ ಮಾಡಿದ ಫೋಲ್ಡರುಗಳು ಸಾಮಾನ್ಯವಾಗಿ ಗುಂಪಿಗೆ ತೆರೆದಿರುತ್ತವೆ, ಅವು ಹೊಸ ವಿಂಡೋಸ್‌ನಲ್ಲೂ ಸಲೀಸಾಗಿ ತೆರೆಯುತ್ತವೆ. ಒಬ್ಬರ ಹೆಸರಿಗೆ ಮಾತ್ರ ಸೇರಿದ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಥರದವು ಸಿಕ್ಕಿಹಾಕಿಕೊಳ್ಳುತ್ತವೆ.

ಪರಿಹಾರ ಹೀಗೆ. ಅಡ್ಮಿನಿಸ್ಟ್ರೇಟರ್ ಅಕೌಂಟಿನಿಂದ ಲಾಗಿನ್ ಆಗಿರಿ. ಮೊದಲು ‘ಕಂಟಿನ್ಯೂ’ ಒತ್ತಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕು. ವಿಂಡೋಸ್ ಒಳಗಿನ ಒಂದೊಂದು ಫೈಲಿಗೂ ನಿಮ್ಮ ಹೆಸರು ಸೇರಿಸುತ್ತಾ ಹೋಗುತ್ತದೆ. ಸಾವಿರಾರು ಫೋಟೋ ಇದ್ದರೆ ಹೊತ್ತು ಹಿಡಿಯುತ್ತದೆ, ಮಧ್ಯೆ ನಿಲ್ಲಿಸಬೇಡಿ.

ಅದರಿಂದ ಆಗದಿದ್ದರೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಸೆಕ್ಯುರಿಟಿ’, ‘ಅಡ್ವಾನ್ಸ್‌ಡ್’ಗೆ ಹೋಗಿ. ಮೇಲ್ಗಡೆ ‘ಓನರ್’ ಅಂತ ಇರುವ ಕಡೆ ‘ಚೇಂಜ್’ ಒತ್ತಿ. ನಿಮ್ಮ ಈಗಿನ ಯೂಸರ್ ಹೆಸರು ಟೈಪ್ ಮಾಡಿ ‘ಚೆಕ್ ನೇಮ್ಸ್’ ಒತ್ತಿದರೆ ಹೆಸರಿನ ಕೆಳಗೆ ಗೆರೆ ಬರುತ್ತದೆ. ಬಂದರೆ ಹೆಸರು ಸರಿ ಇದೆ ಅಂತ. ಓಕೆ ಕೊಟ್ಟ ಮೇಲೆ ‘ರಿಪ್ಲೇಸ್ ಓನರ್ ಆನ್ ಸಬ್‌ಕಂಟೇನರ್ಸ್ ಅಂಡ್ ಆಬ್ಜೆಕ್ಟ್ಸ್’ ಅನ್ನೋ ಸಣ್ಣ ಚೌಕ ಕಾಣಿಸುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಹೊರಗಿನ ಫೋಲ್ಡರ್ ಮಾತ್ರ ನಿಮ್ಮದಾಗಿ ಒಳಗಿನದೆಲ್ಲ ಹಾಗೇ ಉಳಿಯುತ್ತದೆ. ಜನ ಎಡವುವುದು ಇಲ್ಲೇ.

‘ಅಪ್ಲೈ’ ಕೊಟ್ಟು ಎಲ್ಲ ಕಿಟಕಿಗಳನ್ನೂ ಮುಚ್ಚಿ, ಮತ್ತೆ ಅದೇ ‘ಅಡ್ವಾನ್ಸ್‌ಡ್’ಗೆ ಬನ್ನಿ. ಮಾಲೀಕರಾದ ಮಾತ್ರಕ್ಕೆ ಓದುವ ಹಕ್ಕು ಬರುವುದಿಲ್ಲ. ಹಕ್ಕು ಕೊಟ್ಟುಕೊಳ್ಳುವ ಹಕ್ಕು ಬರುತ್ತದೆ ಅಷ್ಟೇ. ‘ಆಡ್’ ಒತ್ತಿ, ‘ಸೆಲೆಕ್ಟ್ ಎ ಪ್ರಿನ್ಸಿಪಲ್’ನಲ್ಲಿ ನಿಮ್ಮ ಹೆಸರು ಕೊಟ್ಟು, ‘ಫುಲ್ ಕಂಟ್ರೋಲ್’ಗೆ ಟಿಕ್ ಹಾಕಿ. ಕೆಳಗೆ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್’ ಅಂತ ಶುರುವಾಗುವ ಚೌಕಕ್ಕೂ ಟಿಕ್ ಹಾಕಿ ಅಪ್ಲೈ ಮಾಡಿ.

ಕಮಾಂಡ್ ಬಳಸುವ ರೂಢಿ ಇದ್ದವರಿಗೆ ಟೇಕ್‌ಓನ್ ಮತ್ತು ಐಕ್ಯಾಕಲ್ಸ್ ಎರಡೇ ಸಾಕು. ಕಮಾಂಡ್ ಪ್ರಾಂಪ್ಟನ್ನು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಅಂತಲೇ ತೆರೆಯಬೇಕು. ಟೇಕ್‌ಓನ್‌ಗೆ ಸ್ಲಾಶ್ ಎಫ್ ಕೊಟ್ಟು ಫೋಲ್ಡರಿನ ದಾರಿ, ಆಮೇಲೆ ಒಳಗಿನದೆಲ್ಲ ಸೇರಲಿ ಅನ್ನಲು ಸ್ಲಾಶ್ ಆರ್, ಕೇಳಿದ್ದಕ್ಕೆಲ್ಲ ಹೌದು ಅನ್ನಲು ಸ್ಲಾಶ್ ಡಿ ಜೊತೆ ವೈ. ಐಕ್ಯಾಕಲ್ಸ್‌ಗೆ ದಾರಿ, ಸ್ಲಾಶ್ ಗ್ರಾಂಟ್, ನಿಮ್ಮ ಹೆಸರು, ಕೋಲನ್, ಎಫ್. ಕೊನೆಗೆ ಸ್ಲಾಶ್ ಟಿ, ಸ್ಲಾಶ್ ಸಿ. ಫೋಲ್ಡರಿನ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಹೆಸರಿನಲ್ಲಿ ಜಾಗ ಬಿಟ್ಟಿದ್ದರೆ ಅದಿಲ್ಲದೆ ನಡೆಯುವುದಿಲ್ಲ.

ದಯವಿಟ್ಟು ಇದನ್ನು ಇಡೀ ಸಿ ಡ್ರೈವಿನ ಮೇಲಾಗಲಿ, ವಿಂಡೋಸ್ ಫೋಲ್ಡರಿನ ಮೇಲಾಗಲಿ ಓಡಿಸಬೇಡಿ. ಸಿಸ್ಟಮ್ ಫೈಲುಗಳ ಮಾಲೀಕರು ಬದಲಾದರೆ ಅಪ್‌ಡೇಟು, ಸ್ಟಾರ್ಟ್ ಮೆನು ಒಂದೊಂದಾಗಿ ಕೈಕೊಡುತ್ತವೆ. ನಿಮಗೆ ಬೇಕಾದ ಫೋಲ್ಡರಿಗೆ ಮಾತ್ರ ಮಾಡಿ. ಇನ್ನು ಹಳೇ ಯೂಸರ್ ಫೋಲ್ಡರಿನೊಳಗೆ ‘ಅಪ್ಲಿಕೇಶನ್ ಡೇಟಾ’, ‘ಮೈ ಡಾಕ್ಯುಮೆಂಟ್ಸ್’ ಅಂತ ಬಾಣದ ಗುರುತಿನ ಕೆಲವು ಸಿಗಬಹುದು. ಅವು ಹಳೇ ಪ್ರೋಗ್ರಾಮುಗಳಿಗಾಗಿ ಇಟ್ಟಿರುವ ಕೈಮರಗಳು, ನಿಜವಾದ ಫೋಲ್ಡರುಗಳಲ್ಲ. ಅವು ತೆರೆಯದಿರುವುದೇ ಸರಿ.

ಹತ್ತು ನಿಮಿಷದಲ್ಲಿ ಚಿಕ್ಕಪ್ಪನ ಕಾಗದಗಳು, ಫೋಟೋಗಳು ಬಂದವು.

ಬಿಟ್‌ಲಾಕರ್: 48 ಅಂಕಿಯ ಕೀಲಿ

ಚಿಕ್ಕಪ್ಪನ ಮನೆಯಲ್ಲಿ ಇದು ಇರಲಿಲ್ಲ. ಆದರೆ ಈಚೆಗೆ ನನ್ನ ಹತ್ತಿರ ಬರುವವರಲ್ಲಿ ಇದೂ ಜಾಸ್ತಿಯಾಗಿದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ವಿಂಡೋಸ್ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆದರೆ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಅನ್ನೋ ಬಿಟ್‌ಲಾಕರ್ ಬೀಗ ತಾನಾಗಿಯೇ ಶುರುವಾಗುತ್ತದೆ. ಹೋಮ್ ಆವೃತ್ತಿಯಲ್ಲೂ ಅಷ್ಟೇ. ಸಿ ಜೊತೆಗೆ ಡಿ ಡ್ರೈವಿಗೂ ಬೀಗ ಬೀಳುತ್ತದೆ. ಇಷ್ಟು ದಿನ ಅದು ಗೊತ್ತೇ ಆಗಿರುವುದಿಲ್ಲ, ಯಾಕೆಂದರೆ ಸಿ ತೆರೆದ ಕೂಡಲೇ ಡಿ ಕೂಡ ತೆರೆದುಕೊಳ್ಳುತ್ತಿತ್ತು. ಹಾಗೆ ತೆರೆಯುವ ಕೀಲಿ ಇದ್ದದ್ದು ಸಿ ಒಳಗೆ. ಸಿ ಫಾರ್ಮ್ಯಾಟ್ ಆದ ದಿನ ಆ ಕೀಲಿಯೂ ಹೋಯಿತು, ಡಿ ಡ್ರೈವ್ ಬಾಗಿಲು ಹಾಕಿಕೊಂಡು ನಿಂತಿತು.

ಡ್ರೈವ್ ಕ್ಲಿಕ್ ಮಾಡಿ, ‘ಮೋರ್ ಆಪ್ಷನ್ಸ್’ನಲ್ಲಿ ‘ಎಂಟರ್ ರಿಕವರಿ ಕೀ’ ಆರಿಸಿ. ಅಲ್ಲಿ 8 ಅಕ್ಷರಗಳ ‘ಕೀ ಐಡಿ’ ಒಂದು ಕಾಣುತ್ತದೆ. ಅದನ್ನು ಬರೆದುಕೊಳ್ಳಿ. ಇನ್ನೊಂದು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆದು, ಡಿವೈಸುಗಳ ಪಟ್ಟಿಯಲ್ಲಿ ಬಿಟ್‌ಲಾಕರ್ ಕೀಗಳನ್ನು ನೋಡಿ. ಅಲ್ಲಿ ನಾಲ್ಕೈದು ಸಾಲು ಇರಬಹುದು. ಹೊಸ ವಿಂಡೋಸ್ ಹಾಕಿದಾಗ ಕಂಪ್ಯೂಟರಿನ ಹೆಸರೂ ಬದಲಾಗಿರುತ್ತದೆ, ಹೆಸರು ನೋಡಿ ಗಲಿಬಿಲಿ ಆಗಬೇಡಿ. ಕೀ ಐಡಿ ಹೊಂದುವ ಸಾಲು ಹುಡುಕಿ. ಡ್ರೈವ್ ಅನ್ನೋ ಕಡೆ ಓಎಸ್‌ವಿ ಅಂತಿದ್ದರೆ ಅದು ಸಿ ಡ್ರೈವಿನದು, ಎಫ್‌ಡಿವಿ ಅಂತಿದ್ದರೆ ಡಿ ಥರದ ಡ್ರೈವಿನದು.

ನಿಮ್ಮ ಅಕೌಂಟಿನಲ್ಲಿ ಸಿಗದಿದ್ದರೆ ಎದೆಗುಂದಬೇಡಿ. ಲ್ಯಾಪ್‌ಟಾಪ್ ಮೊದಲು ಸೆಟಪ್ ಮಾಡಿದ್ದು ಯಾರು ಅಂತ ಯೋಚಿಸಿ. ಮಗಳ ಇಮೇಲು, ತಮ್ಮನ ಇಮೇಲು, ಎಷ್ಟೋ ಸಲ ಅಂಗಡಿಯವರದೇ ಇಮೇಲು ಹಾಕಿ ಶುರು ಮಾಡಿರುತ್ತಾರೆ. ಆಗ ಕೀ ಹೋಗಿ ಕೂತಿರುವುದು ಅವರ ಅಕೌಂಟಿನಲ್ಲಿ. ಕೀ ಐಡಿ ಹೇಳಿ, ನೋಡಿಕೊಡಿ ಅಂತ ಕೇಳಿ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಕಂಪನಿಯ ಐಟಿ ವಿಭಾಗದಲ್ಲಿ ಇರುತ್ತದೆ. ಹಳೇ ಪೆನ್‌ಡ್ರೈವ್‌ಗಳಲ್ಲಿ ‘ಬಿಟ್‌ಲಾಕರ್ ರಿಕವರಿ ಕೀ’ ಅಂತ ಶುರುವಾಗುವ ಹೆಸರಿನ ಟೆಕ್ಸ್ಟ್ ಫೈಲು ಹುಡುಕಿ.

ಕೈಯಲ್ಲಿ ಬರೆದಿಟ್ಟ ಕೀ ಆದರೆ 1 ಯಾವುದು 7 ಯಾವುದು ಅಂತ ತಿಳಿಯದೆ ಒದ್ದಾಡುವವರು ಬಹಳ. ಅದಕ್ಕೊಂದು ದಾರಿ ಇದೆ. 48 ಅಂಕಿಗಳು ಆರಾರರಂತೆ 8 ಗುಂಪುಗಳಲ್ಲಿರುತ್ತವೆ, ಮತ್ತು ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಉದಾಹರಣೆಗೆ 137423ನ್ನು ಭಾಗಿಸಿದರೆ 12493 ಬರುತ್ತದೆ. 7 ಇದ್ದದ್ದನ್ನು 1 ಅಂತ ಓದಿ 131423 ಮಾಡಿದರೆ 6 ಉಳಿಯುತ್ತದೆ. ಅಲ್ಲಿಗೆ ಓದಿದ್ದು ತಪ್ಪು ಅಂತ ಗೊತ್ತಾಯಿತು. ಯಾವ ಗುಂಪೂ 720885ಕ್ಕಿಂತ ದೊಡ್ಡದಿರುವುದಿಲ್ಲ. ಹಾಗಾಗಿ ಗುಂಪಿನ ಮೊದಲ ಅಂಕಿ 8 ಅಥವಾ 9 ಅಂತ ಕಂಡರೆ ಅದನ್ನೂ ಇನ್ನೊಮ್ಮೆ ನೋಡಿ. ಮೊಬೈಲಿನ ಕ್ಯಾಲ್ಕುಲೇಟರ್ ಇಟ್ಟುಕೊಂಡು ಒಂದೊಂದೇ ಗುಂಪು ನೋಡುತ್ತಾ ಹೋದರೆ ಅಳಿಸಿಹೋದ ಅಂಕಿಯನ್ನೂ ಕಂಡುಹಿಡಿಯಬಹುದು.

ಕೀ ಎಲ್ಲೂ ಸಿಗದಿದ್ದರೆ ಬಿಟ್‌ಲಾಕರ್ ಒಡೆಯುವ ಸಾಫ್ಟ್‌ವೇರ್ ಅಂತ ಮಾರುವುದಕ್ಕೆ ದುಡ್ಡು ಹಾಕಬೇಡಿ. ಕೀ ಇಲ್ಲದೆ ಆ ಡ್ರೈವ್ ತೆರೆಯುವುದಿಲ್ಲ. ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಎತ್ತಿಡಿ, ಹುಡುಕುವುದನ್ನು ಮುಂದುವರಿಸಿ.

ಇಎಫ್‌ಎಸ್: ಅಜ್ಜಿಯ ಹಾಡುಗಳ ಫೋಲ್ಡರ್

ಕಾಗದಗಳ ಫೋಲ್ಡರಿಗೆ ಮಾಡಿದ್ದನ್ನೇ ಹಾಡಿನ ಫೋಲ್ಡರಿಗೂ ಮಾಡಿದೆ. ಫೋಲ್ಡರ್ ತೆರೆಯಿತು. ಹದಿನೇಳು ಫೈಲುಗಳು ಸಾಲಾಗಿ ಕಂಡವು. ಹೆಸರು, ತಾರೀಖು, ಎಲ್ಲವೂ ಸರಿ. ಮೊದಲನೆಯದರ ಮೇಲೆ ಕ್ಲಿಕ್ ಮಾಡಿದೆ. ಪ್ಲೇಯರ್ ತೆರೆಯಿತು, ಹಾಡು ಬರಲಿಲ್ಲ. ಮಾಲೀಕರು ಚಿಕ್ಕಪ್ಪ, ‘ಫುಲ್ ಕಂಟ್ರೋಲ್’ ಇದೆ, ಆದರೂ ಇಲ್ಲ. ಆಗ ಆ ಪುಟ್ಟ ಬೀಗ ಕಣ್ಣಿಗೆ ಬಿತ್ತು. ಎದೆ ಧಸಕ್ಕೆಂದಿತು.

ಫೈಲಿನ ‘ಪ್ರಾಪರ್ಟೀಸ್’ನಲ್ಲಿ ‘ಜನರಲ್’ ಪುಟ, ಅಲ್ಲಿ ‘ಅಡ್ವಾನ್ಸ್‌ಡ್’ ಒತ್ತಿದರೆ ‘ಎನ್‌ಕ್ರಿಪ್ಟ್ ಕಂಟೆಂಟ್ಸ್ ಟು ಸೆಕ್ಯೂರ್ ಡೇಟಾ’ಕ್ಕೆ ಟಿಕ್ ಇತ್ತು. ಹಾಡು ಯಾರೂ ಅಳಿಸಬಾರದು ಅಂತ ಚಿಕ್ಕಪ್ಪ ಯಾವಾಗಲೋ ಹಾಕಿದ್ದರು. ಅವರದು ವಿಂಡೋಸ್ 7 ಪ್ರೊಫೆಷನಲ್, ಅದರಲ್ಲಿ ಈ ಸೌಲಭ್ಯ ಇರುತ್ತದೆ. ಹೋಮ್ ಆವೃತ್ತಿಯಲ್ಲಿ ಹೀಗೆ ಬೀಗ ಹಾಕಲು ಬರುವುದಿಲ್ಲ. ಹಾಗಾಗಿ ನಿಮ್ಮ ಹಳೇ ವಿಂಡೋಸ್ ಹೋಮ್ ಆಗಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು.

ವಿಂಡೋಸ್ 2000ದ ಕಾಲದಿಂದ ಇರುವ ಏರ್ಪಾಡು ಇದು. ಒಂದೊಂದು ಫೈಲನ್ನೂ ಒಂದೊಂದು ಕೀಲಿಯಿಂದ ಮುಚ್ಚುತ್ತದೆ. ಆ ಕೀಲಿಯನ್ನು ಇನ್ನೊಂದು ಬೀಗದಲ್ಲಿಟ್ಟು ಫೈಲಿನ ಜೊತೆಯಲ್ಲೇ ಇಡುತ್ತದೆ. ಆ ಎರಡನೇ ಬೀಗ ತೆಗೆಯುವ ಖಾಸಗಿ ಕೀಲಿ ಇರುವುದು ಸಿ ಡ್ರೈವಿನ ಯೂಸರ್ ಫೋಲ್ಡರಿನಲ್ಲಿ. ಅದನ್ನೂ ಕಾಪಾಡುತ್ತಿರುವುದು ನಿಮ್ಮ ಲಾಗಿನ್ ಪಾಸ್‌ವರ್ಡ್. ಹೀಗೆ ಪೆಟ್ಟಿಗೆಯೊಳಗೆ ಪೆಟ್ಟಿಗೆ. ಫೈಲು ಡಿ ಡ್ರೈವಿನಲ್ಲಿ ಭದ್ರವಾಗಿತ್ತು, ಕೀಲಿ ಸಿ ಡ್ರೈವಿನ ಜೊತೆ ಫಾರ್ಮ್ಯಾಟ್ ಆಗಿತ್ತು. ಅದೇ ಹೆಸರು, ಅದೇ ಪಾಸ್‌ವರ್ಡಿನ ಹೊಸ ಅಕೌಂಟ್ ಮಾಡಿದರೂ ಹಳೇ ಕೀಲಿ ಹುಟ್ಟುವುದಿಲ್ಲ.

ಉಳಿದಿದ್ದು ಒಂದೇ ದಾರಿ. ಮೊದಲ ಸಲ ಫೈಲು ಎನ್‌ಕ್ರಿಪ್ಟ್ ಮಾಡಿದಾಗ ಕೆಳಗೆ ಗಡಿಯಾರದ ಪಕ್ಕ ‘ನಿಮ್ಮ ಕೀ ಬ್ಯಾಕಪ್ ಮಾಡಿಕೊಳ್ಳಿ’ ಅಂತ ವಿಂಡೋಸ್ ಕೇಳುತ್ತದೆ. ಹೆಚ್ಚಿನವರು ಅದನ್ನು ಮುಚ್ಚಿಬಿಡುತ್ತಾರೆ. ಚಿಕ್ಕಪ್ಪನಿಗೆ ನೆನಪಿರಲಿಲ್ಲ. ಆದರೆ ಕಾಗದಪತ್ರದ ವಿಷಯದಲ್ಲಿ ಅವರು ಎಷ್ಟು ಅಚ್ಚುಕಟ್ಟು ಅಂತ ನನಗೆ ಗೊತ್ತು. ಮನೆಯಲ್ಲಿದ್ದ ಪೆನ್‌ಡ್ರೈವ್, ಸೀಡಿ, ಹಳೇ ಮೊಬೈಲಿನ ಮೆಮೊರಿ ಕಾರ್ಡು, ಎಲ್ಲ ತರಿಸಿದೆ. ಹಾಗೆ ಬ್ಯಾಕಪ್ ಮಾಡಿದ ಕೀಲಿಯ ಫೈಲಿನ ಹೆಸರು ಪಿಎಫ್‌ಎಕ್ಸ್ ಅಂತ ಕೊನೆಯಾಗುತ್ತದೆ. ಒಂದೊಂದನ್ನೇ ಹಾಕಿ ಹುಡುಕುವ ಜಾಗದಲ್ಲಿ ನಕ್ಷತ್ರದ ಗುರುತು, ಚುಕ್ಕಿ, ಆಮೇಲೆ ಪಿಎಫ್‌ಎಕ್ಸ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿದೆ. ಎರಡು ದಿನ ಏನೂ ಸಿಗಲಿಲ್ಲ. ಮೂರನೇ ದಿನ ಚಿಕ್ಕಮ್ಮ ಕಂದಾಯ ರಸೀದಿಗಳ ತಗಡಿನ ಡಬ್ಬಿ ತಂದು ಮುಂದಿಟ್ಟರು. ತಳದಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿದ 4 ಜಿಬಿಯ ಪೆನ್‌ಡ್ರೈವ್. ಅದರಲ್ಲಿ ಒಂದೇ ಒಂದು ಫೈಲು, ಮೂರು ಕೆಬಿ ಆಸುಪಾಸಿನದು. ಕೊನೆಯಲ್ಲಿ ಪಿಎಫ್‌ಎಕ್ಸ್.

ಈ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ‘ಸರ್ಟಿಫಿಕೇಟ್ ಇಂಪೋರ್ಟ್ ವಿಝಾರ್ಡ್’ ತೆರೆಯುತ್ತದೆ. ‘ಕರೆಂಟ್ ಯೂಸರ್’ ಇರಲಿ. ಆಮೇಲೆ ಪಾಸ್‌ವರ್ಡ್ ಕೇಳುತ್ತದೆ. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಆ ಬ್ಯಾಕಪ್ ಮಾಡಿದ ದಿನ ಇಟ್ಟದ್ದು. ಎಷ್ಟು ಸಲ ತಪ್ಪಾದರೂ ಇದು ಲಾಕ್ ಆಗುವುದಿಲ್ಲ, ಗಾಬರಿಯಿಲ್ಲದೆ ಪ್ರಯತ್ನಿಸಿ. ಚಿಕ್ಕಪ್ಪ ಇಟ್ಟಿದ್ದು ಹೊಲದ ಸರ್ವೆ ನಂಬರು, ಜೊತೆಗೆ ಊರಿನ ಹೆಸರು. ‘ಮಾರ್ಕ್ ದಿಸ್ ಕೀ ಆಸ್ ಎಕ್ಸ್‌ಪೋರ್ಟಬಲ್’ಗೆ ಟಿಕ್ ಹಾಕಿ, ಇಲ್ಲವಾದರೆ ಮುಂದೆ ಈ ಕೀಲಿಯನ್ನು ಇಲ್ಲಿಂದ ಬ್ಯಾಕಪ್ ಮಾಡಲು ಬರುವುದಿಲ್ಲ. ಉಳಿದದ್ದಕ್ಕೆ ‘ನೆಕ್ಸ್ಟ್’ ಕೊಡುತ್ತಾ ಹೋಗಿ.

ನಾನು ಮತ್ತೆ ಮೊದಲ ಫೈಲಿನ ಮೇಲೆ ಕ್ಲಿಕ್ ಮಾಡಿದೆ. ಏನೋ ಸರಸರ ಸದ್ದು. ಆಮೇಲೆ ಚಿಕ್ಕಪ್ಪನದೇ ದನಿ, "ಶುರು ಮಾಡವ್ವ". ಅಜ್ಜಿ ಒಮ್ಮೆ ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. ಹಾಡು ಶುರುವಾಗುವ ಮೊದಲೇ ಚಿಕ್ಕಪ್ಪ ಎದ್ದು ಹೊರಗೆ ಹೋದರು.

ಪಿಎಫ್‌ಎಕ್ಸ್ ಹಾಕಿದ ಮೇಲೂ ಫೈಲು ತೆರೆಯದಿದ್ದರೆ ಬೇರೆ ಕೀಲಿ ಸಿಕ್ಕಿರಬಹುದು. ಅದೇ ‘ಅಡ್ವಾನ್ಸ್‌ಡ್’ ಕಿಟಕಿಯ ‘ಡೀಟೇಲ್ಸ್’ನಲ್ಲಿ ‘ಥಂಬ್‌ಪ್ರಿಂಟ್’ ಅನ್ನೋ ಉದ್ದದ ಸಾಲು ಇರುತ್ತದೆ. ನೀವು ಹಾಕಿದ ಸರ್ಟಿಫಿಕೇಟಿನ ಥಂಬ್‌ಪ್ರಿಂಟ್ ಅದಕ್ಕೆ ಹೊಂದಬೇಕು. ಸಿಇಆರ್ ಅಂತ ಕೊನೆಯಾಗುವ ಫೈಲು ಸಿಕ್ಕಿದರೆ ಪ್ರಯೋಜನವಿಲ್ಲ, ಅದರಲ್ಲಿ ಖಾಸಗಿ ಕೀಲಿ ಇರುವುದಿಲ್ಲ.

ಪಿಎಫ್‌ಎಕ್ಸ್ ಇಲ್ಲವೇ ಇಲ್ಲ ಅನ್ನುವವರಿಗೆ: ಹಳೇ ಸಿ ಡ್ರೈವಿನ ಯಾವುದಾದರೂ ರೂಪ ಉಳಿದಿದೆಯಾ ನೋಡಿ. ವಿಂಡೋಸ್ ಡಾಟ್ ಓಲ್ಡ್, ಸಿಸ್ಟಮ್ ಇಮೇಜ್ ಬ್ಯಾಕಪ್, ಬಿಚ್ಚಿಟ್ಟ ಹಳೇ ಹಾರ್ಡ್ ಡಿಸ್ಕ್, ಯಾವುದಾದರೂ ಸರಿ. ಅದರಲ್ಲಿ ಯೂಸರ್ ಫೋಲ್ಡರಿನೊಳಗೆ ‘ಆ್ಯಪ್‌ಡೇಟಾ’, ‘ರೋಮಿಂಗ್’, ‘ಮೈಕ್ರೋಸಾಫ್ಟ್’ ಅಂತ ಹೋದರೆ ‘ಕ್ರಿಪ್ಟೋ’, ‘ಪ್ರೊಟೆಕ್ಟ್’, ‘ಸಿಸ್ಟಮ್ ಸರ್ಟಿಫಿಕೇಟ್ಸ್’ ಅನ್ನೋ ಮೂರು ಫೋಲ್ಡರ್ ಇರುತ್ತವೆ. ಈ ಮೂರೂ ಬೇಕು, ಜೊತೆಗೆ ಆಗಿನ ಲಾಗಿನ್ ಪಾಸ್‌ವರ್ಡೂ ಬೇಕು. ಇಷ್ಟಿದ್ದರೆ ಎಲ್‌ಕಾಮ್‌ಸಾಫ್ಟ್‌ನವರ ‘ಅಡ್ವಾನ್ಸ್‌ಡ್ ಇಎಫ್‌ಎಸ್ ಡೇಟಾ ರಿಕವರಿ’ಯಂಥ ಸಾಫ್ಟ್‌ವೇರ್ ಕೆಲಸಕ್ಕೆ ಬರುತ್ತದೆ. ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಆಗಿ ಜಾಸ್ತಿ ಬಳಸಿಲ್ಲದಿದ್ದರೆ ಆ ಮೂರು ಫೋಲ್ಡರುಗಳನ್ನು ಮರಳಿ ತೆಗೆಯುವ ಸಾಧ್ಯತೆ ಉಂಟು. ಎಸ್‌ಎಸ್‌ಡಿ ಆಗಿದ್ದರೆ ಆ ಆಸೆ ಬಹಳ ಕಡಿಮೆ. ಫಾರ್ಮ್ಯಾಟ್ ಆದ ಕೂಡಲೇ ಅದು ಹಳೆಯದನ್ನು ನಿಜವಾಗಿಯೂ ಅಳಿಸಲು ಶುರು ಮಾಡುತ್ತದೆ.

ಅದೂ ಇಲ್ಲದಿದ್ದರೆ ಪ್ರತಿಗಳನ್ನು ಹುಡುಕಿ. ಇಮೇಲಿನಲ್ಲಿ ಕಳಿಸಿದ್ದು, ವಾಟ್ಸಾಪಿನಲ್ಲಿ ಹಂಚಿದ್ದು ಬೀಗವಿಲ್ಲದೇ ಇರುತ್ತವೆ. ವಿಂಡೋಸ್ 7ರ ಕಾಲದಲ್ಲಿ ಫ್ಯಾಟ್32 ಅನ್ನೋ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿಗೆ ಕಾಪಿ ಮಾಡಿದಾಗಲೂ ಬೀಗ ಕಳಚಿಕೊಳ್ಳುತ್ತಿತ್ತು.

ಇನ್ನು ಉಳಿದವು

ವಿಂಡೋಸ್ ಡಾಟ್ ಓಲ್ಡ್‌ನ ಒನ್‌ಡ್ರೈವ್ ಫೋಲ್ಡರಿನಲ್ಲಿ ಫೈಲು ಕಂಡು, ತೆರೆಯಲು ಹೋದರೆ ‘ಕ್ಲೌಡ್ ಫೈಲ್ ಪ್ರೊವೈಡರ್ ಈಸ್ ನಾಟ್ ರನ್ನಿಂಗ್’ ಅಂದರೆ ಅದು ಬೀಗವಲ್ಲ. ಫೈಲಿನ ಹೆಸರು ಮಾತ್ರ ಡಿಸ್ಕಿನಲ್ಲಿದೆ, ಫೈಲು ಇರುವುದು ಇಂಟರ್ನೆಟ್ಟಿನಲ್ಲಿ. ಬ್ರೌಸರಿನಲ್ಲಿ ಒನ್‌ಡ್ರೈವ್ ತೆರೆದು ಇಳಿಸಿಕೊಳ್ಳಿ.

ಎಲ್ಲ ಫೈಲಿನ ಹೆಸರಿನ ಕೊನೆಗೂ ಗುರುತಿಲ್ಲದ ಬಾಲ ಸೇರಿಕೊಂಡು, ಪಕ್ಕದಲ್ಲಿ ದುಡ್ಡು ಕೇಳುವ ಟೆಕ್ಸ್ಟ್ ಫೈಲು ಇದ್ದರೆ ಅದು ರ್‍ಯಾನ್ಸಮ್‌ವೇರ್. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿದ ಮೇಲೆ ಹೀಗಾಗುವುದುಂಟು. ಇಂಟರ್ನೆಟ್ ತೆಗೆದುಹಾಕಿ, ಫೈಲುಗಳನ್ನು ಅಳಿಸದೆ ಇಟ್ಟುಕೊಳ್ಳಿ. 2016ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಸೇರಿ ಶುರು ಮಾಡಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಹಲವು ಬಗೆಯ ರ್‍ಯಾನ್ಸಮ್‌ವೇರ್‌ಗೆ ಬಿಡಿಸುವ ಸಾಧನ ಉಚಿತವಾಗಿ ಸಿಗುತ್ತದೆ.

ಉಬುಂಟುವಿನಿಂದ ಉಬುಂಟುವಿಗೆ ಹೋದವರಿಗೂ ಮಾಲೀಕತ್ವದ ತೊಡಕು ಬರುತ್ತದೆ. ಅಲ್ಲಿ ಮೊದಲು ಮಾಡಿದ ಯೂಸರಿಗೆ 1000, ಮುಂದಿನವರಿಗೆ 1001 ಹೀಗೆ ನಂಬರು. ಮನೆಯಲ್ಲಿ ಇಬ್ಬರ ಅಕೌಂಟನ್ನು ಹಿಂದೆ ಮುಂದೆ ಮಾಡಿ ಸೃಷ್ಟಿಸಿದರೆ ಒಬ್ಬರ ಫೈಲು ಇನ್ನೊಬ್ಬರದಾಗಿ ಕಾಣುತ್ತದೆ. ಮಾಲೀಕರನ್ನು ಬದಲಿಸುವ ಚೌನ್ ಕಮಾಂಡಿನಿಂದ ಸರಿಯಾಗುತ್ತದೆ.

ತೆರೆದ ಮೇಲೆ

ಫೈಲು ತೆರೆದ ದಿನವೇ ಬೀಗ ತೆಗೆದುಬಿಡಿ. ಇಎಫ್‌ಎಸ್ ಆದರೆ ಅದೇ ‘ಎನ್‌ಕ್ರಿಪ್ಟ್ ಕಂಟೆಂಟ್ಸ್’ ಟಿಕ್ ತೆಗೆದು ಅಪ್ಲೈ ಮಾಡಿ, ಒಳಗಿನದಕ್ಕೆಲ್ಲ ಅನ್ವಯಿಸಲಾ ಅಂದರೆ ಹೌದು ಅನ್ನಿ. ಬಿಟ್‌ಲಾಕರ್ ಬೇಕಾದರೆ ಇರಲಿ, ಲ್ಯಾಪ್‌ಟಾಪ್ ಕಳುವಾದರೆ ಕಾಯುವುದು ಅದೇ. ಆದರೆ ಹೊಸ ರಿಕವರಿ ಕೀಯನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಸಿ ಮನೆಯಲ್ಲಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟರೆ ಉಪಯೋಗಕ್ಕೆ ಬರುವುದಿಲ್ಲ.

ಮತ್ತೊಮ್ಮೆ ಅಂಗಡಿಗೆ ಕೊಡುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ‘ದಿಸ್ ಪಿಸಿ’ಯಲ್ಲಿ ಯಾವ ಡ್ರೈವಿನ ಮೇಲೆ ಬೀಗದ ಗುರುತಿದೆ. ಅದರ ಕೀ ಐಡಿ ನಿಮ್ಮ ಕೈಲಿರುವ ಕೀಗೆ ಹೊಂದುತ್ತದೆಯೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಸೈಫರ್ ಅಂತ ಟೈಪ್ ಮಾಡಿ ಸ್ಲಾಶ್ ಯು, ಸ್ಲಾಶ್ ಎನ್ ಕೊಟ್ಟರೆ ಕಂಪ್ಯೂಟರಿನಲ್ಲಿ ಎನ್‌ಕ್ರಿಪ್ಟ್ ಆದ ಫೈಲುಗಳ ಪಟ್ಟಿ ಬರುತ್ತದೆ, ಅದು ಖಾಲಿ ಇದೆಯೇ. ಖಾಲಿ ಇಲ್ಲದಿದ್ದರೆ ಅವತ್ತು ಕಂಪ್ಯೂಟರ್ ಕೊಡಬೇಡಿ. ಬೀಗ ತೆಗೆದು, ಎರಡು ಕಡೆ ಕಾಪಿ ಇಟ್ಟು, ಆ ಕಾಪಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಕೊಡಿ.